ಆಮ್ಲಶಾಮಕ ಮತ್ತು ಗಡಿಯಾರ

ಎದೆ ಉರಿಯುತ್ತಿರುವಾಗ ಅಡುಗೆ ಸೋಡಾವನ್ನು ನೀರಿಗೆ ಕದಡಿ ಕುಡಿದರೆ ದೊಡ್ಡದೊಂದು ತೇಗು ಬರುತ್ತದೆ. 'ಗ್ಯಾಸ್ಟ್ರಿಕ್ ಇಳಿಯಿತು' ಎನ್ನುವುದು ಈ ತೇಗನ್ನು ನಂಬಿಯೇ. ನಿಜಕ್ಕೂ ಅದರಲ್ಲಿರುವ ಗಾಳಿ ಬಹುಪಾಲು ಸೋಡಾ ಮತ್ತು ಜಠರದ ಆಮ್ಲ ಕೂಡಿ ಆಗಷ್ಟೇ ಹುಟ್ಟಿದ ಇಂಗಾಲದ ಡೈಆಕ್ಸೈಡ್. ಆಮ್ಲಶಾಮಕಗಳಲ್ಲಿ ಯಾವುದು ಮೇಲು ಎಂಬ ಚರ್ಚೆಗಿಂತ ಯಾವಾಗ ತೆಗೆದುಕೊಳ್ಳಬೇಕು ಎಂಬುದೇ ಹೆಚ್ಚು ಮುಖ್ಯವೆಂಬುದು ನನ್ನ ವಾದ.

ಜಠರರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲವೆಂದು ವಿಲಿಯಂ ಪ್ರೌಟ್ 1823ರಲ್ಲಿ ತೋರಿಸಿದ. ಅದನ್ನು ತಣಿಸುವ ಲೆಕ್ಕ ಸರಳ: ಪಿಎಚ್ 1.3ರಿಂದ 2.3ಕ್ಕೆ ಏರಿದರೆ ಆಮ್ಲದ ಶೇ. 90 ಭಾಗ, 3.3ಕ್ಕೆ ಏರಿದರೆ ಶೇ. 99 ಭಾಗ ಕಳೆದಂತೆ. ತೊಡಕಿರುವುದು ಹೊಟ್ಟೆ ಖಾಲಿಯಾಗುವ ವೇಗದಲ್ಲಿ. ಬರಿಹೊಟ್ಟೆಗೆ ಬಿದ್ದ ಔಷಧ ಹೆಚ್ಚುಕಡಿಮೆ ಅರ್ಧ ಗಂಟೆಯಲ್ಲಿ ಕರುಳಿಗೆ ಜಾರುತ್ತದೆ, ಆಮ್ಲವೋ ಮತ್ತೆ ಒಸರುತ್ತದೆ. ಉಂಡು ಒಂದು ಗಂಟೆಯ ಮೇಲೆ ಕುಡಿದ ಔಷಧವನ್ನು ಅನ್ನವೇ ತಡೆದಿಟ್ಟುಕೊಳ್ಳುವುದರಿಂದ ಅದರ ಗುಣ ಮೂರು ಗಂಟೆಯವರೆಗೂ ಉಳಿಯಬಲ್ಲದು.

ಷಿಕಾಗೊದ ವೈದ್ಯ ಬರ್ಟ್ರಾಂ ಸಿಪ್ಪಿ ಈ ತೊಡಕಿಗೆ 1915ರಲ್ಲಿ ಹಟದ ಪರಿಹಾರವೊಂದನ್ನು ಹೂಡಿದ. ಹುಣ್ಣಿನ ರೋಗಿಗೆ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಗಂಟೆಗೊಮ್ಮೆ ಹಾಲು-ಕೆನೆ, ನಡುನಡುವೆ ಕ್ಷಾರದ ಪುಡಿ. ತರ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅದು ಹೊಟ್ಟೆಯನ್ನಷ್ಟೇ ಕಂಡ ತರ್ಕ. ಇಂಥ ಚಿಕಿತ್ಸೆಯಲ್ಲಿದ್ದವರಲ್ಲಿ ತಲೆನೋವು, ವಾಕರಿಕೆ, ತಲೆಸುತ್ತು ಕಾಣಿಸುವುದನ್ನು 1923ರಲ್ಲಿ ಹಾರ್ಟ್ ಮತ್ತು ರಿವರ್ಸ್ ವರದಿ ಮಾಡಿದರು. ರೋಗಿಗಳಿಗೆ ಹಾಲು ಕಂಡರೇ ಹೇಸಿಕೆಯಾಗುತ್ತಿತ್ತಂತೆ. ದೇಹ ಲೆಕ್ಕಕ್ಕಿಂತ ಮೊದಲೇ ದೂರು ಕೊಟ್ಟಿತ್ತು! ಹೀರಿಕೆಯಾದ ಕ್ಷಾರ ಮತ್ತು ಕ್ಯಾಲ್ಸಿಯಂ ರಕ್ತದಲ್ಲಿ ಹೆಚ್ಚಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುವ ಈ ಸ್ಥಿತಿ ಮುಂದೆ 'ಹಾಲು-ಕ್ಷಾರ ಲಕ್ಷಣಕೂಟ' ಎನಿಸಿತು. ಹುಣ್ಣಿಗೆ ಹೆಚ್ಚಾಗಿ ಬ್ಯಾಕ್ಟೀರಿಯವೊಂದು ಕಾರಣವೆಂದು ಮಾರ್ಷಲ್ ಮತ್ತು ವಾರೆನ್ 1980ರ ದಶಕದಲ್ಲಿ ತೋರಿಸಿದ ಮೇಲೆ ಆ ಪಥ್ಯಕ್ಕೆ ಆಧಾರವೇ ಉಳಿಯಲಿಲ್ಲ.

ಇಂದಿನ ಬಿಳಿ ದ್ರವ ಆಮ್ಲಶಾಮಕಗಳಲ್ಲಿ ಮಲ ಸಡಿಲಿಸುವ ಮೆಗ್ನೀಸಿಯಂನ ಜೊತೆಗೆ ಮಲ ಕಟ್ಟಿಸುವ ಅಲ್ಯೂಮಿನಿಯಂ ಸೇರಿರುವುದುಂಟು. ಬಾಟಲಿಯ ತಳದಲ್ಲಿ ಸುಣ್ಣದಂತೆ ಕೂರುವ ಗಷ್ಟೇ ಔಷಧ. ಅಲ್ಲಾಡಿಸದೆ ಕುಡಿದರೆ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಸಿಹಿನೀರು. ಈ ಲೋಹದ ಅಯಾನುಗಳು ಪ್ರತಿಜೀವಕಗಳಾದ ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಕರುಳಿನಲ್ಲೇ ಕಟ್ಟಿಹಾಕಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬೆಳಗಿನ ಥೈರಾಯ್ಡ್ ಮಾತ್ರೆಗೂ ಆಮ್ಲಶಾಮಕಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಕಾಫಿಗೆ ಮುಂಚೆ ಎರಡನ್ನೂ ಒಟ್ಟಿಗೆ ನುಂಗುವವರಲ್ಲಿ ಥೈರಾಯ್ಡ್ ಪರೀಕ್ಷೆಯ ಅಂಕಿ ಏರಿದರೆ, ಮಾತ್ರೆಯ ಪ್ರಮಾಣ ಹೆಚ್ಚಿಸುವ ಮೊದಲು ಗಡಿಯಾರದ ವಿಷಯ ಕೇಳುವುದು ಒಳ್ಳೆಯದು.