ಹೆಸರಿಗಿಂತ ಊರು ದೊಡ್ಡದು

ಜೀವಿಯೊಂದನ್ನು ಗುರುತಿಸುವುದೆಂದರೆ ಅದಕ್ಕೆ ಹೆಸರಿಡುವುದೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದರ ನೆಲೆಯ ಅರಿವಿಲ್ಲದಿದ್ದರೆ ಬರಿಯ ಹೆಸರು ಎಷ್ಟು ಬಡವಾದುದೆಂಬುದಕ್ಕೆ ಭೂತಾನದ ಒಂದು ಚಿಟ್ಟೆಯ ಚರಿತ್ರೆಯೇ ಸಾಕ್ಷಿ.

ಫ್ರ್ಯಾಂಕ್ ಲಡ್ಲೋ 1923ರಿಂದ 1926ರವರೆಗೆ ಟಿಬೆಟ್ಟಿನ ಗ್ಯಾಂಟ್ಸೆಯಲ್ಲಿ ಇಂಗ್ಲಿಷ್ ಶಾಲೆ ನಡೆಸಿದ ಉಪಾಧ್ಯಾಯರು. ಮುಂದೆ ಅವರು ಹಿಮಾಲಯದ ಗಿಡಗಳನ್ನೂ ಹಕ್ಕಿಗಳನ್ನೂ ಅರಸಿ ಅಲೆದರು. 1933-34ರಲ್ಲಿ, ಗೆಳೆಯ ಜಾರ್ಜ್ ಶೆರಿಫ್ ಅವರೊಡನೆ ಪೂರ್ವ ಭೂತಾನದ ತ್ರಾಶಿಯಾಂಗ್‌ಸೆ ಕಣಿವೆಯಲ್ಲಿ ಐದು ಚಿಟ್ಟೆಗಳನ್ನು ಸಂಗ್ರಹಿಸಿದರು. ಕಪ್ಪು ರೆಕ್ಕೆಯ ಮೇಲೆ ತಿಳಿಬಣ್ಣದ ಗೆರೆಗಳು, ಹಿಂದಿನ ರೆಕ್ಕೆಯಲ್ಲಿ ಕೆಂಪು ಮಚ್ಚೆ, ತುದಿಯಲ್ಲಿ ಬಾಲಗಳು. ನೋಟಕ್ಕೆ ಇವು 1873ರಲ್ಲೇ ವರ್ಣಿತವಾಗಿದ್ದ ‘ಭೂತಾನ್ ಗ್ಲೋರಿ’ಯನ್ನು ಹೋಲುತ್ತಿದ್ದವು. ಬ್ರಿಟಿಷ್ ಮ್ಯೂಸಿಯಂ ಸೇರಿದ ಆ ಮಾದರಿಗಳನ್ನು ಪರಿಶೀಲಿಸಿದ ಗೇಬ್ರಿಯಲ್, 1942ರಲ್ಲಿ ಅದನ್ನು ಬೇರೆಯೇ ಪ್ರಭೇದವೆಂದು ನಿರ್ಣಯಿಸಿ ಲಡ್ಲೋ ಅವರ ಹೆಸರನ್ನಿಟ್ಟರು.

ಹೆಸರೇನೋ ದೊರೆಯಿತು, ಚಿಟ್ಟೆ ಮಾತ್ರ ಮರೆಯಾಯಿತು. ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ವಿಜ್ಞಾನಿಗಳ ಪಾಲಿಗೆ ಅದು ಪೆಟ್ಟಿಗೆಯೊಳಗಿನ ವಸ್ತುವಾಗಿಯೇ ಉಳಿಯಿತು. ಸೂಜಿಗೆ ಚುಚ್ಚಿದ ರೆಕ್ಕೆ ತನ್ನ ಬಣ್ಣವನ್ನು ತೋರಬಲ್ಲದು; ಮರಿಹುಳು ಯಾವ ಎಲೆಯನ್ನು ತಿಂದು ಬೆಳೆಯಿತೆಂದು ಹೇಳಲಾರದು. ಆದರೆ ಆ ಮಾದರಿಗಳೊಡನೆ ಕಣಿವೆಯ ಹೆಸರೂ ದಾಖಲಾಗಿತ್ತು. ಕೊನೆಗೆ ಕೈಹಿಡಿದದ್ದು ಆ ಹೆಸರೇ.

2009ರಲ್ಲಿ ಭೂತಾನದ ಅರಣ್ಯಾಧಿಕಾರಿ ಕರ್ಮ ವಾಂಗ್ಡಿ ಅದೇ ತ್ರಾಶಿಯಾಂಗ್‌ಸೆ ಸೀಮೆಯಲ್ಲಿ, ಬುಮ್‌ಡೆಲಿಂಗ್ ವನ್ಯಧಾಮದಲ್ಲಿ, ಈ ಚಿಟ್ಟೆಯನ್ನು ಮತ್ತೆ ಕಂಡರು. 2011ರಲ್ಲಿ ಜಪಾನ್ ಮತ್ತು ಭೂತಾನದ ಸಂಶೋಧಕರು ಕೂಡಿ ಅದರ ಬಾಳ್ವೆಯನ್ನು ಅಧ್ಯಯನ ಮಾಡಿದರು. ಎರಡು ಸಾವಿರ ಮೀಟರಿಗೂ ಎತ್ತರದ ಆ ಕಾಡಿನಲ್ಲಿ ಮರಿಹುಳುವಿಗೆ ಆಹಾರ ಅರಿಸ್ಟೊಲೋಕಿಯಾ ಕುಲದ ಒಂದು ಬಳ್ಳಿ. ನಮ್ಮ ಈಶ್ವರಿ ಬಳ್ಳಿಯೂ ಇದೇ ಕುಲದ್ದು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದೂ ಇಂಥ ಬಳ್ಳಿಯ ಮೇಲೆಯೇ. ಬಳ್ಳಿಯಲ್ಲಿರುವ ವಿಷವನ್ನು ಉಂಡು ಮೈಗೂಡಿಸಿಕೊಳ್ಳುವುದು ಈ ವಂಶದ ಹುಳುಗಳ ಆತ್ಮರಕ್ಷಣೆಯ ಉಪಾಯ.

2012ರಲ್ಲಿ ಭೂತಾನ್ ಇದನ್ನು ತನ್ನ ರಾಷ್ಟ್ರೀಯ ಚಿಟ್ಟೆಯೆಂದು ಘೋಷಿಸಿತು. ಗೌರವ ಸಂದದ್ದು ಚಿಟ್ಟೆಗಾದರೂ ಕಾಯಬೇಕಾದದ್ದು ಬಳ್ಳಿಯನ್ನು, ಬಳ್ಳಿಗೆ ಆಸರೆಯಾದ ಮರವನ್ನು. ಕೊಡಲಿಯ ಪೆಟ್ಟು ಮರಕ್ಕೆ ಬಿದ್ದರೆ ಬಳ್ಳಿ ನೆಲಕ್ಕೆ ಬೀಳುತ್ತದೆ. ಬಳ್ಳಿಯಿಲ್ಲದ ಕಾಡಿನಲ್ಲಿ ಚಿಟ್ಟೆಯನ್ನು ಯಾವ ಘೋಷಣೆಯೂ ಉಳಿಸಲಾರದು. ಮಕ್ಕಳಿಗೆ ಚಿಟ್ಟೆಯ ಹೆಸರನ್ನು ಕಲಿಸುವಾಗ ಅದು ಮೊಟ್ಟೆಯಿಡುವ ಗಿಡವನ್ನೂ ತೋರಿಸಿದರೆ, ಪಾಠ ಪೂರ್ಣವಾದೀತು.