ಮೀಸಲಾತಿ

'ಮೀಸಲು' ಅಚ್ಚಗನ್ನಡ ಪದ. ಹಳಗನ್ನಡದ ರೂಪ 'ಮೀಸಲ್'. ಬೇರೆ ಯಾರೂ ಮುಟ್ಟದಂತೆ, ಬಳಸದಂತೆ ತೆಗೆದಿಟ್ಟದ್ದು ಎಂಬುದು ಮೂಲ ಅರ್ಥ. ಹಬ್ಬದ ಅಡುಗೆಯಲ್ಲಿ ಮನೆಯವರು ರುಚಿ ನೋಡುವ ಮುನ್ನವೇ ದೇವರ ಎಡೆಗೆ ಎತ್ತಿಡುವ ಪಾಲು ಮೀಸಲು. ಅದನ್ನು ನಡುವೆ ಮುಟ್ಟಿದರೆ 'ಮೀಸಲು ಮುರಿಯಿತು' ಎನ್ನುತ್ತಾರೆ. ಮೀಸಲು ಅರಣ್ಯ, ಮೀಸಲು ಪೊಲೀಸ್ ಪಡೆ, ಮೀಸಲು ಕ್ಷೇತ್ರ ಎಲ್ಲದರ ಬೇರೂ ಇಲ್ಲೇ ಇದೆ. ಆ ತೆಗೆದಿಡುವಿಕೆ ನೀತಿಯಾದಾಗ ಅದು 'ಮೀಸಲಾತಿ'.

ಈ ನೀತಿಗೆ ಕನ್ನಡ ನಾಡಿನಲ್ಲಿ ನೂರು ವರ್ಷ ಮೀರಿದ ಚರಿತ್ರೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವ ಬಗೆ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಿಸಿದಾಗ ಮೈಸೂರು ವಿಶ್ವವಿದ್ಯಾಲಯಕ್ಕೆ ಇನ್ನೂ ಎರಡೇ ವರ್ಷ. ಹಿಂದುಳಿದವರಿಗೆ ನೌಕರಿಯ ಜೊತೆಗೆ ಓದಿನ ದಾರಿಯನ್ನೂ ತೆರೆಯಬೇಕೆಂಬ ಚಿಂತನೆ ಆಗಲೇ ಗಟ್ಟಿಯಾಯಿತು. 1951ರಲ್ಲಿ, ಹಿಂದುಳಿದವರಿಗಾಗಿ ವಿಶೇಷ ಸೌಲಭ್ಯ ಕಲ್ಪಿಸಲು ಅವಕಾಶ ಕೊಡುವ 15(4)ನೇ ವಿಧಿ ಸಂವಿಧಾನಕ್ಕೆ ಸೇರಿತು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಶೇ. 68 ಸೀಟುಗಳನ್ನು ಮೀಸಲಿಟ್ಟ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ 1962ರ ಬಾಲಾಜಿ ಪ್ರಕರಣದಲ್ಲಿ ರದ್ದುಗೊಳಿಸಿ, ಪ್ರಮಾಣ ಸಾಮಾನ್ಯವಾಗಿ ಶೇ. 50ರೊಳಗೆ ಇರಬೇಕೆಂದಿತು.

ವೃತ್ತಿಪರ ಕಾಲೇಜುಗಳ ಪ್ರವೇಶಕ್ಕೆ ನಡೆಯುವ ಸಿಇಟಿಯ ಇಂದಿನ ಸೀಟು ಪಟ್ಟಿಯಲ್ಲಿ '2ಎಕೆ' ಎಂಬ ಸಂಕೇತ ಕಾಣುತ್ತದೆ: ಹಿಂದುಳಿದ ವರ್ಗಗಳ ಪ್ರವರ್ಗ 2ಎ, ಕನ್ನಡ ಮಾಧ್ಯಮ. ಕೊನೆಯಲ್ಲಿ 'ಕೆ' ಬದಲು 'ಆರ್' ಇದ್ದರೆ ಗ್ರಾಮೀಣ. ಜಾತಿಯ ಜೊತೆಗೆ ಊರು, ಭಾಷೆಗಳೂ ಹೀಗೆ ಲೆಕ್ಕಕ್ಕೆ ಬಂದಿರುವುದು ಸಣ್ಣ ಸಂಗತಿಯಲ್ಲ.

ಮೀಸಲಾತಿಯನ್ನು 'ರಿಯಾಯಿತಿ' ಎಂದು ಬರೆಯುವ ರೂಢಿ ತಪ್ಪು. ರಿಯಾಯಿತಿ ಎಂದರೆ ಬೆಲೆಯಲ್ಲಿ ತೋರುವ ಸಡಿಲಿಕೆ. ಮೀಸಲು ಎಂದರೆ ಸಲ್ಲಬೇಕಾದ ಪಾಲು.