ಮಕ್ಕಳ ಜೀವನಾಂಶ ಬಾಕಿ ಇದ್ದರೆ ಲೈಸೆನ್ಸ್ ನವೀಕರಣ ಆಗುವುದಿಲ್ಲವೇ?

ಹೇಳಿಕೆ: ಮಕ್ಕಳ ಜೀವನಾಂಶ ಕೊಡದ ತಂದೆಯ ಲೈಸೆನ್ಸ್ ನವೀಕರಣ ಆಗುವುದಿಲ್ಲ.

ನಿಜವೇನು? ಈ ನಿಯಮ ಇರುವುದು ಅಮೆರಿಕದಲ್ಲಿ. ಅಲ್ಲಿನ 1996ರ ಕಾನೂನಿನಂತೆ ರಾಜ್ಯಗಳು ಬಾಕಿದಾರರ ಡ್ರೈವಿಂಗ್ ಲೈಸೆನ್ಸ್, ವೃತ್ತಿ ಲೈಸೆನ್ಸ್ ತಡೆಹಿಡಿಯಬಹುದು. ಕೌಜಲಗಿಯ ಚಾಲಕರಿಗಾಗಲಿ, ಗೋಕಾಕದ ನರ್ಸ್‌ಗಾಗಲಿ ಅದು ಅನ್ವಯಿಸುವುದಿಲ್ಲ.

ನಮ್ಮಲ್ಲಿ ಏನಿದೆ? ಸಿಆರ್‌ಪಿಸಿ 125ನೇ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಇದೆ. ಕೋರ್ಟ್ ಆದೇಶವಾದ ಮೇಲೂ ಸರಿಯಾದ ಕಾರಣವಿಲ್ಲದೆ ಹಣ ಕೊಡದಿದ್ದರೆ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು. ಆಗಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಮರೆಯಬೇಡಿ: ವಾರಂಟ್‌ಗಾಗಿ, ಹಣ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ‘ಲೈಸೆನ್ಸ್ ನವೀಕರಣಕ್ಕೆ ಹೋದಾಗ ತಾನೇ ಕಟ್ಟುತ್ತಾನೆ’ ಎಂದು ತಾಯಿ ಕಾಯುತ್ತ ಕೂತರೆ ಹಳೆಯ ಬಾಕಿಗೆ ಈ ದಾರಿ ಮುಚ್ಚುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ ಕಾನೂನು ನೆರವು ಉಚಿತ, ಸಹಾಯವಾಣಿ 15100.

ನಮ್ಮ ತೀರ್ಮಾನ: ಭಾರತದ ಮಟ್ಟಿಗೆ ಈ ಹೇಳಿಕೆ ತಪ್ಪು. ಫಾರ್ವರ್ಡ್ ಮಾಡುವುದಾದರೆ ಒಂದು ವರ್ಷದ ಗಡುವನ್ನು ಮಾಡಿ.